ಜೋಡಿ ಕಾರ್ಬುರೇಟರೂ ಕಾಲು ಸುತ್ತೂ

ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಊರವರ ಮನೆ ಸುದ್ದಿ. ನನಗೆ ಸ್ಕ್ರೂ. ತಲೆಯ ಮೇಲೆ ಗೀಟಿರುವ ಒಂದು ಸ್ಕ್ರೂ ಎಲ್ಲಿ ಕಂಡರೂ, ಇದು ಇನ್ನು ಕಾಲು ಸುತ್ತು ತಿರುಗಿದರೆ ಲೋಕ ಸ್ವಲ್ಪ ಸುಧಾರಿಸೀತು ಅನ್ನಿಸಿಬಿಡುತ್ತದೆ. ನಮ್ಮ ಮನೆಯ ಗೋಡೆ ಗಡಿಯಾರ, ಮಿಕ್ಸಿ, ಗ್ಯಾಸ್ ಒಲೆ ಎಲ್ಲವೂ ನನ್ನ ಕೈಯಲ್ಲಿ ಒಂದೊಂದು ಸಲ ಸುಧಾರಿಸಿ, ಆಮೇಲೆ ರಿಪೇರಿ ಅಂಗಡಿ ಸೇರಿದವು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಕತೆ ಕೇಳಿ ನೀವು ನನ್ನನ್ನು ಪೂರ್ತಿ ಬೈಯಲಾರಿರಿ ಎಂದು ಒಂದು ಆಸೆ.

ಕೊಪ್ಪದ ಪೇಟೆಯಲ್ಲಿ ನನ್ನದೊಂದು ಚಿಕ್ಕ ಅಂಗಡಿಯಿದೆ. ಅಡಿಕೆಗೆ ಔಷಧಿ ಹೊಡೆಯುವ ಪಂಪು, ಪೈಪು, ವಾಷರು, ಪೈಪಿನ ತುದಿಗೆ ಹಾಕುವ ನಾಝಲ್ಲು, ಇವೇ ನನ್ನ ವ್ಯಾಪಾರ. ಪಕ್ಕದ ಬಾಗಿಲು ನನ್ನ ಹೆಂಡತಿ ವನಜಳ ಹೊಲಿಗೆ ಅಂಗಡಿಯದು. ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವಳ ಮಿಷನ್ನಿನ ಸದ್ದು ನನಗೂ, ನಾನು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುವುದು ಅವಳಿಗೂ ಚೆನ್ನಾಗಿ ಕೇಳುತ್ತದೆ. ಹಾಗಾಗಿ ನಮ್ಮಲ್ಲಿ ಗುಟ್ಟು ಎಂಬುದಿಲ್ಲ.

ಕಾರು ಸಿಕ್ಕಿದ್ದು ಕಡಹಿನಬೈಲಿನ ಒಬ್ಬರ ಕೊಟ್ಟಿಗೆಯಲ್ಲಿ. ನನ್ನ ಪ್ರಾಯದ್ದೇ ಹಳೆಯ ಪುಟ್ಟ ಕಾರು, ಟಾರ್ಪಾಲು ಹೊದ್ದು ಕೂತಿತ್ತು. ಹಿಂದಿನ ಸೀಟಿನಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು. "ಮರಿ ಆದ್ಮೇಲೆ ತಗಂಡು ಹೋಗಿ ಮಾರಾಯ್ರೆ, ಈಗ ಎಬ್ಬಿಸಿದ್ರೆ ಪಾಪ ಅಲ್ವಾ" ಎಂದರು ಯಜಮಾನರು. ನಾನು ಮೂರು ವಾರ ಕಾದೆ. ಮದುವೆಗೆ ಮುಂಚೆ ವನಜಳಿಗಾಗಿ ಕೂಡ ಇಷ್ಟು ಹಂಬಲದಿಂದ ಕಾದಿರಲಿಲ್ಲ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿ, ಅದರ ಫಲವನ್ನೂ ಉಂಡೆ.

ಮನೆಗೆ ಬಂದ ಕಾರು ಪಾಪದ್ದು. ಮೆಲ್ಲಗೆ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ಅಷ್ಟಕ್ಕೆ ಸುಮ್ಮನಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬುರೇಟರು ಅದಕ್ಕೆ ಒಂದೇ ಇತ್ತು. ಒಂದರ ಬದಲು ಎರಡು ಕೂರಿಸಿದರೆ ಹಳೆಯ ಕಾರು ಹುಲಿಯಾಗುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಯಾರೋ ಹೇಳಿದ. ನಾನು ಶಿವಮೊಗ್ಗದ ಗುಜರಿಯಲ್ಲಿ ಹುಡುಕಿ, ಒಂದೇ ಜಾತಿಯ ಜೋಡಿಯನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನರಸಿಂಹರಾಜಪುರಕ್ಕೆ ಬಂದೆ. ಅಲ್ಲಿ ನಮ್ಮ ಮೆಕ್ಯಾನಿಕ್ ಜೋಸಣ್ಣನ ಶೆಡ್ಡಿದೆ. ಅವರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ಲೇತಿನವರ ಹತ್ತಿರ ಕೂರಿಸುವ ಪೈಪು ಮಾಡಿಸಿ, "ಜೆಟ್ ಯಾವ ಅಳತೆದು ಹಾಕುವ?" ಎಂದು ಕೇಳಿದರು. ಜೆಟ್ ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು.

ಇಲ್ಲಿ ನನ್ನ ವಿದ್ಯೆ ಎದ್ದು ಕೂತಿತು. ಜೀವನವಿಡೀ ನಾಝಲ್ ಮಾರಿದವನು ನಾನು. ಅಡಿಕೆ ಮರ ಗಿಡ್ಡವಿದ್ದರೆ ಸಣ್ಣ ತೂತು, ಎತ್ತರವಿದ್ದರೆ ದೊಡ್ಡ ತೂತು. ಇಲ್ಲದಿದ್ದರೆ ಔಷಧಿ ಗೊನೆಯವರೆಗೆ ಏರುವುದಿಲ್ಲ. ನಮ್ಮ ಕಾರು ಏರಬೇಕಾದದ್ದು ಕೆರೆಕಟ್ಟೆಯ ದಾರಿ. ವನಜಳ ತಂಗಿಯ ಮನೆ ಇರುವುದು ಅಲ್ಲಿ. "ಏರು ಜಾಸ್ತಿ ಜೋಸಣ್ಣ, ದೊಡ್ಡ ತೂತಿಂದೇ ಹಾಕಿ" ಎಂದೆ. ಅವರು ತಲೆ ಕೆರೆದುಕೊಂಡು, "ಹಾಗಂತೀರಾ... ನೋಡ್ವ" ಎಂದರು. ನಮ್ಮ ಕಡೆ "ನೋಡ್ವ" ಎಂದರೆ "ಖಂಡಿತ ಬೇಡ" ಎಂದರ್ಥ. ಮುಖದ ಮೇಲೆ ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ಇದು ಗೊತ್ತಿದ್ದೂ ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ನನಗೆ ಬೇಕಾದಾಗ ನಾನು ಬೇರೆ ಊರಿನವನಾಗುತ್ತೇನೆ.

ಮೊದಲ ಸವಾರಿಯಲ್ಲಿ ಶೃಂಗೇರಿ ದಾಟುವವರೆಗೆ ಹುಲಿಯೇ. ನೆಮ್ಮಾರ್ ಕಳೆದು ಏರು ಶುರುವಾದದ್ದೇ ಹಿಂದಿನಿಂದ ಕರೀ ಹೊಗೆ ಎದ್ದಿತು, ಎಂಜಿನ್ನು ನಾಲ್ಕು ಸಲ ಕೆಮ್ಮಿ ನಿಂತೇಹೋಯಿತು. ಪೆಟ್ರೋಲು ಅತಿಯಾಗಿ ಉಂಡು, ಕಿಡಿ ಹಾರಿಸುವ ಪ್ಲಗ್ಗುಗಳೆಲ್ಲ ಮಸಿ ಹಿಡಿದಿದ್ದವು. ಕೊನೆಗೆ ವನಜಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಜೀಪು ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಹಿಂದೆ ಕೂತು ಸ್ಟೀರಿಂಗ್ ಹಿಡಿದ ನನಗೆ, ಮುಂದೆ ಅವನು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ನಿಧಾನಿಸಿ ವಿವರಿಸುವುದು ಕಾಣುತ್ತಿತ್ತು. "ಎಂತ ಭಾವ, ಎರಡು ಬಾಯಿ ಇಟ್ರೆ ಊಟ ಜಾಸ್ತಿ ಅಲ್ವಾ?" ಎಂದು ಊಟದ ಎಲೆಯ ಮುಂದೆ ಮತ್ತೆ ಕೇಳಿದ. ನಾನು ಪಾಯಸದ ಕಡೆ ನೋಡಿದೆ.

ವಾಪಸು ಬಂದ ಮೇಲೆ ವನಜ ಕೂಗಾಡಲಿಲ್ಲ. ಅದೇ ಭಯ. ಬಾಳೆಹೊನ್ನೂರು ಕಡೆಯ ಹೋಂಸ್ಟೇಯವರೊಬ್ಬರು ಈ ಕಾರನ್ನು ಕೇಳುತ್ತಿದ್ದರು. ಗೇಟಿನ ಬಳಿ ನಿಲ್ಲಿಸಿ, ಬಾನೆಟ್ಟಿನೊಳಗೆ ಮಣ್ಣು ತುಂಬಿ, ಹೂವಿನ ಗಿಡ ಬೆಳೆಸುತ್ತಾರಂತೆ. "ಬರೋ ತಿಂಗಳು ತಂಗಿ ಮಗಳ ನಿಶ್ಚಿತಾರ್ಥ. ಹುಡುಗಿ ಬ್ಲೌಸು ನಾನೇ ಹೊಲಿದು ತಗಂಡು ಹೋಗ್ಬೇಕು. ಅವತ್ತು ಹಗ್ಗ ಇಲ್ದೆ ಕೆರೆಕಟ್ಟೆ ಮುಟ್ಟಿದ್ರೆ ಇಟ್ಕೊಳ್ಳಿ. ಇಲ್ದಿದ್ರೆ ಅವ್ರಿಗೆ ಕೊಟ್ಬಿಡುವ" ಎಂದಳು. ನಾನು ಒಪ್ಪಿದೆ. ಕಾರ್ಬುರೇಟರಿನ ಜಾಗದಲ್ಲಿ ಚೆಂಡುಹೂ ಅರಳುವುದನ್ನು ನೆನೆದೆ. ನಿಜಕ್ಕೂ ಅಳು ಬಂತು.

ಜೋಸಣ್ಣ ಸಣ್ಣ ಜೆಟ್ ಹಾಕಿಕೊಟ್ಟರು. ಹೊಗೆ ನಿಂತಿತು. ಆದರೆ ಜೋಡಿ ಕಾರ್ಬುರೇಟರಿನ ಕಷ್ಟವೇ ಬೇರೆ. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಒಂದು ಹೆಚ್ಚು ಎಳೆದು ಇನ್ನೊಂದು ಸೋಮಾರಿಯಾದರೆ ಎಂಜಿನ್ನು ನಡುಗುತ್ತದೆ. ಒಂದು ತುಂಡು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ ಹಿಡಿದು ಸುಯ್ ಸದ್ದು ಕೇಳಿ, ಎರಡನ್ನೂ ಹೊಂದಿಸಬೇಕೆಂದು ಜೋಸಣ್ಣ ತೋರಿಸಿ, "ಒಂದ್ಸಲ ಕೂತ್ಮೇಲೆ ಮುಟ್ಬೇಡಿ ಮಾರಾಯ್ರೆ" ಎಂದು ಕೈಮುಗಿದರು. ಪೈಪು ನನ್ನ ಅಂಗಡಿಯಲ್ಲೇ ಇತ್ತು. ಸ್ಕ್ರೂ ಬಹಳ ಸಣ್ಣದು. ಅದಕ್ಕೆ ಸರಿಹೊಂದುವ ಸ್ಕ್ರೂಡ್ರೈವರು ಮಾತ್ರ ವನಜಳ ಹೊಲಿಗೆ ಮಿಷನ್ನಿನ ಡಬ್ಬದಲ್ಲಿತ್ತು. ದಿನಾ ಅದನ್ನು ಕದಿಯುತ್ತಿದ್ದೆ, ದಿನಾ ಹಲಗೆಯ ಆ ಕಡೆಯಿಂದ "ನನ್ನ ಸ್ಕ್ರೂಡ್ರೈವರ್ ಎಲ್ಲೀ?" ಎಂಬ ಕೂಗು ಬರುತ್ತಿತ್ತು.

ಎಡದ್ದು ಕಾಲು ಸುತ್ತು ಬಿಗಿ ಮಾಡಿದರೆ ಬಲದ್ದು ಸಡಿಲ ಅನ್ನಿಸುತ್ತಿತ್ತು. ಬಲದ್ದನ್ನು ಬಿಗಿ ಮಾಡಿದರೆ ಮತ್ತೆ ಎಡದ್ದು. ಅಂಗಡಿಗೆ ವಾಷರಿಗೆಂದು ಬಂದವರೂ ಕಾರಿನ ಬಳಿ ನಿಂತು ಕಿವಿಗೆ ಪೈಪು ಇಟ್ಟುಕೊಂಡು ಕೇಳಿದರು. "ಬಲದ್ದು ಸೊಲ್ಪ ಬಿಡಿ" ಎಂದರು ಒಬ್ಬರು. "ಛೇ, ಎಡದ್ದು" ಎಂದರು ಇನ್ನೊಬ್ಬರು. ಯಾರ ಮಾತನ್ನೂ ತೆಗೆದುಹಾಕಬಾರದೆಂದು ಎಲ್ಲರ ಮಾತಿಗೂ ಕಾಲು ಕಾಲು ಸುತ್ತು ತಿರುಗಿಸಿದೆ. ಹೀಗೆ ತಿಂಗಳು ಕಳೆಯಿತು.

ನಿಶ್ಚಿತಾರ್ಥದ ಬೆಳಿಗ್ಗೆ ಬ್ಲೌಸಿನ ಚೀಲವನ್ನು ವನಜ ಮಡಿಲಲ್ಲಿಟ್ಟುಕೊಂಡಳು. ಹನ್ನೊಂದಕ್ಕೆ ಮುಹೂರ್ತ. ನೆಮ್ಮಾರ್‌ವರೆಗೆ ನಡುಗುತ್ತಾ ಬಂದ ಕಾರು ಏರಿನ ಎರಡನೇ ತಿರುವಿನಲ್ಲಿ ಪಟ್ ಪಟ್ ಎಂದು ನಿಂತಿತು. ನಾನು ಬಾನೆಟ್ಟು ಎತ್ತಿ, ಜೇಬಿನಿಂದ ರಬ್ಬರ್ ಪೈಪನ್ನೂ ಅದೇ ಕದ್ದ ಸ್ಕ್ರೂಡ್ರೈವರನ್ನೂ ತೆಗೆದೆ. ಗಂಟೆ ಹತ್ತಾಗಿತ್ತು. ಸ್ಟಾರ್ಟ್ ಮಾಡಿ ಎಡದ್ದು ತಿರುಗಿಸಿದೆ, ಬಲದ್ದು ತಿರುಗಿಸಿದೆ, ಮತ್ತೆ ಎಡದ್ದು. ಮತ್ತೆ ನಿಂತಿತು. "ನಿನ್ನ ತಂಗಿ ಗಂಡಂಗೆ ಫೋನ್ ಮಾಡು" ಎಂದೆ.

ವನಜ ಫೋನು ತೆಗೆಯಲಿಲ್ಲ. ಚೀಲ ಸೀಟಿನ ಮೇಲಿಟ್ಟು ಕೆಳಗಿಳಿದಳು. "ನಿಮಗೆ ಎಂತ ಆಗಿದೆ ಮಾರಾಯ್ರೆ? ಎರಡನ್ನೂ ಯಾಕೆ ತಿರುಗಿಸ್ತೀರಿ? ಮಿಷನ್ನಲ್ಲಿ ಮೇಲಿನ ದಾರ, ಕೆಳಗಿನ ದಾರ ಎರಡೂ ಸಮ ಎಳೀಬೇಕು. ಎರಡರ ಸ್ಕ್ರೂವನ್ನೂ ಒಟ್ಟಿಗೇ ತಿರುಗಿಸ್ತಾ ಕೂತ್ರೆ ಜನ್ಮದಲ್ಲಿ ಹೊಲಿಗೆ ಕೂರೂದಿಲ್ಲ. ಕೆಳಗಿಂದನ್ನ ಒಂದ್ಸಲ ನಿಲ್ಲಿಸ್ಬೇಕು, ಮೇಲಿಂದನ್ನ ಅದಕ್ಕೆ ಹೊಂದಿಸ್ಬೇಕು. ಕೊಡಿ ಇಲ್ಲಿ" ಎಂದು ಕೈ ಚಾಚಿದಳು. ಅವಳ ವಸ್ತುವನ್ನು ಅವಳಿಗೆ ಕೊಟ್ಟೆ.

ನನ್ನಿಂದ ಸ್ಟಾರ್ಟ್ ಮಾಡಿಸಿ, ಎಡದ್ದನ್ನು ಒಂದು ಹದಕ್ಕೆ ತಂದು ಬಿಟ್ಟಳು, ಮತ್ತೆ ಮುಟ್ಟಲಿಲ್ಲ. ಪೈಪು ಕಿವಿಗಿಟ್ಟು ಬಲದ್ದನ್ನು ಕೂದಲೆಳೆಯಷ್ಟು ತಿರುಗಿಸಿದಳು, ಕೇಳಿದಳು, ತಿರುಗಿಸಿದಳು. ನಡುಕ ನಿಂತಿತು. ಎಂಜಿನ್ನಿನ ಸದ್ದು ಒಂದೇ ಸಮನಾಯಿತು. ಆ ಸದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. "ಹತ್ತಿ" ಎಂದಳು. ಹತ್ತೂವರೆಗೆ ಕೆರೆಕಟ್ಟೆಯಲ್ಲಿದ್ದೆವು. ಷಡ್ಡಕ ಅಂಗಳದಲ್ಲಿ ಹಗ್ಗ ಹಿಡಿದೇ ನಿಂತಿದ್ದ. ನಮ್ಮನ್ನು ಕಂಡು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಬ್ಲೌಸು ಹುಡುಗಿಗೆ ಚೆನ್ನಾಗಿ ಕೂತಿತು.

ಹೀಗೆ ಕಾರು ನಮ್ಮಲ್ಲೇ ಉಳಿಯಿತು. ಜೋಸಣ್ಣ ಸದ್ದು ಕೇಳಿ, "ಈಗ ಮುಟ್ಟಿದೋರು ಯಾರು?" ಎಂದರು, ಹೇಳಿದೆ. ಅಂದಿನಿಂದ ಅವರು ಫೋನು ಮಾಡಿದರೆ ಮೊದಲು ಕೇಳುವುದು "ಅಕ್ಕ ಇದಾರಾ?" ಎಂದು. ನನ್ನ ಅಂಗಡಿಗೆ ಪಂಪು ಹೊತ್ತು ತಂದವರು ಕೂಡ ಒಮ್ಮೆ ಹಲಗೆಯ ಆ ಕಡೆ ಇಣುಕುತ್ತಾರೆ. ಇದೆಲ್ಲ ಸಂತೋಷವೇ. ಆದರೆ ಸರಿಯಾಗಿ ಓಡುವ ಕಾರಿನಲ್ಲಿ ನನ್ನಂಥವನಿಗೆ ಮಾಡಲು ಏನಿದೆ, ನೀವೇ ಹೇಳಿ.

ಎಂದಿನಂತೆ ಹೋದ ಭಾನುವಾರವೂ ತಡೆಯಲಾಗಲಿಲ್ಲ. ವನಜ ಮನೆಯ ಒಳಗೆ ತನ್ನ ಇನ್ನೊಂದು ಮಿಷನ್ ತುಳಿಯುತ್ತಿದ್ದಳು. ಎಂಜಿನ್ನು ಚಾಲೂ ಮಾಡಿ, ಬಾನೆಟ್ಟು ಎತ್ತಿ, ಸ್ಕ್ರೂಡ್ರೈವರು ಸಿಗದೆ ಸವೆದು ತೆಳುವಾದ ಒಂದು ನಾಣ್ಯದ ಅಂಚಿನಿಂದ ಎಡದ್ದನ್ನು ಬರೀ ಒಂದು ನೂಲಿನಷ್ಟು ತಿರುಗಿಸಿದೆ. ಒಳಗೆ ಮಿಷನ್ ನಿಂತಿತು. "ಎಡದ್ದು ಮುಟ್ಟಿದ್ರಾ?"

"ಇಲ್ವೇ, ಧೂಳು ಒರೆಸ್ತಿದ್ದೆ" ಎಂದೆ.

ವನಜ ಬಾಗಿಲಿಗೆ ಬಂದಳು. ನನ್ನನ್ನೂ ನಾಣ್ಯವನ್ನೂ ನೋಡಿದಳು. ಒಳಗೆ ಹೋಗಿ ತನ್ನ ಸ್ಕ್ರೂಡ್ರೈವರು ತಂದು ನನ್ನ ಕೈಗಿಟ್ಟಳು. "ನಾಣ್ಯದಲ್ಲಿ ಸ್ಕ್ರೂ ತಲೆ ಹಾಳಾಗ್ತದೆ. ತಗಳಿ, ಸಂಜೆವರೆಗೆ ಎಷ್ಟು ಬೇಕಾದ್ರೂ ತಿರುಗಿಸಿ. ದೀಪ ಹಚ್ಚೋ ಮುಂಚೆ ನಾನು ಬಂದು ಸರಿ ಮಾಡ್ತೀನಿ, ಪ್ರತಿ ಭಾನುವಾರ ಮಾಡೋ ಹಾಗೆ" ಎಂದು ಮಿಷನ್ನಿಗೆ ಮರಳಿದಳು.

ಪ್ರತಿ ಭಾನುವಾರ! ಹಾಗಾದರೆ ಇಷ್ಟು ದಿನ ಸೋಮವಾರದ ಬೆಳಿಗ್ಗೆ ಕಾರು ಅಷ್ಟು ಚೆನ್ನಾಗಿ ಓಡಿದಾಗ, ಅದು ಹಿಂದಿನ ದಿನದ ನನ್ನ ಕೈಗುಣವೆಂದು ನಾನು ಗಿರಾಕಿಗಳ ಮುಂದೆ ಕೊಚ್ಚಿಕೊಂಡದ್ದೆಲ್ಲ ಹಲಗೆಯ ಆ ಕಡೆ ಕೇಳುತ್ತಲೇ ಇತ್ತು. ನಾಣ್ಯವನ್ನು ಜೇಬಿಗೆ ಹಾಕಿದೆ. ಆಮೇಲೆ, ಹೇಗೂ ಅಪ್ಪಣೆ ಸಿಕ್ಕಿದೆಯಲ್ಲ ಎಂದು, ಎರಡನ್ನೂ ಕಾಲು ಕಾಲು ಸುತ್ತು ತಿರುಗಿಸಿದೆ.