ಸೂಜಿ ಮಾಡದ ಡಾಕ್ಟರು

ದವಾಖಾನಿಯೊಳಗ ಕಂಪೌಂಡರ್ ಆಗಿ ದುಡದಾಂವಗ ನಗೂ ಪ್ರಸಂಗ ಹುಡುಕೂ ತ್ರಾಸಿಲ್ಲ. ಅವಽ ದಿನಾ ಮುಂಜಾನೆದ್ದು ಬಾಗಲದಾಗ ಪಾಳಿ ಹಚ್ಚತಾವ. ನಾನು ಹೇಳಿದ್ರ ಮಂದಿ ಹೊಟ್ಟಿ ಹಿಡಕೊಂಡು ನಗತಾರ, ನಾನೂ ನಗತೇನಿ. ಆದ್ರ ಹೇಳಿ ಮುಗಿಸಿದ ಮ್ಯಾಲೆ ಮನಸ್ಸಿಗೆ ಯಾಕೋ ಕಸಿವಿಸಿ ಆಗತದ.

ಪೆನಿಸಿಲಿನ್ ನಮ್ಮ ಕಡೆ ಹೊಸದಾಗಿ ಬಂದ ಕಾಲ ಅದು. ಬೈಲಹೊಂಗಲದ ಸನೇದಾಗ ಒಂದು ಸಣ್ಣ ದವಾಖಾನಿ ನಮ್ಮದು. ಬಾಟಲಿ ಬೆಳಗಾವಿಯಿಂದ ಬಸ್ಸಿನಾಗ ಬರತಿದ್ದವು. ಬಂದ್ರ ಬಂದವು, ಇಲ್ಲಂದ್ರ ಇಲ್ಲ. ನಮ್ಮ ಡಾಕ್ಟರು ಅವನ್ನ ಹಸಿ ಬಟ್ಟಿ ಸುತ್ತಿದ ಗಡಗಿಯೊಳಗ ತಂಪಿಗಿಟ್ಟು ಕಾಯತಿದ್ರು. ನಂಜು ಏರಿದವರಿಗೆ, ನ್ಯುಮೋನಿಯಾ ಆದವರಿಗೆ ಅಷ್ಟಽ ಕೊಡೂದು. ಉಳಿದವರು ಕಾಲಿಗೆ ಬಿದ್ರೂ ಇಲ್ಲ.

ಸಾವುಕಾರ್ರ ನೆಗಡಿ

ಊರಿನ ಹತ್ತಿ ವ್ಯಾಪಾರಿ ಸಾವುಕಾರ್ರು ಒಂದಿನ ಮೂಗು ಒರಸಿಗೋತ ಬಂದು, ಕುಂಡ್ರೂಕಿಂತ ಮೊದಲಽ ಅಂಗಿ ತೋಳು ಏರಿಸಿದ್ರು.

"ಆ ಹೊಸಾ ಸೂಜಿ ಮಾಡ್ರಿ, ಸಾಹೇಬ್ರ."

ಡಾಕ್ಟರು ಗಂಟಲಾ ನೋಡಿದ್ರು, ಎದಿ ನೋಡಿದ್ರು. "ಬರೇ ನೆಗಡಿ ಅದ. ಬಿಸಿನೀರ ಕುಡೀರಿ, ಬೆಚ್ಚಗ ಮಲಗ್ರಿ. ಪೆನಿಸಿಲಿನ್ ನೆಗಡಿಗೆ ನಾಟೂದಿಲ್ಲ."

"ಮಂದಿ ನೆಗಡಿಗೆ ನಾಟಲಿಕ್ಕಿಲ್ರಿ. ನನ್ನ ನೆಗಡಿ ದೊಡ್ಡದೈತಿ."

"ಎಷ್ಟು ದೊಡ್ಡದಿದ್ರೂ ಬಿಸಿನೀರಽ."

ಸಾವುಕಾರ್ರ ಮಾರಿ ಕೆಂಪಗಾತು. "ನಿಮ್ಮನ್ನ ಈ ಊರಾಗ ಇರಗೊಡೂದಿಲ್ಲ, ನೋಡಿಕೋತ ಇರ್ರಿ! ಬಿಸಿನೀರ ಕುಡೀರಿ ಅನ್ನಾಕ ಸರಕಾರ ನಿಮಗ ಪಗಾರ ಕೊಡತೈತೇನು? ಅದನ್ನ ನಮ್ಮನಿಯಾಕಿ ಪುಕ್ಕಟ ಹೇಳತಾಳ!"

ಉಳಿಸಿದ ರಜಾ

ರಾಮದುರ್ಗ ಸಂಸ್ಥಾನದಾಗ ಕಾರಕೂನ ಆಗಿದ್ದ ಆಚಾರ್ರೊಬ್ಬರು, ಸಂಸ್ಥಾನ ಮುಗಿದ ಮ್ಯಾಲೆ ನಮ್ಮೂರಾಗ ಮಗಳ ಮನ್ಯಾಗ ಇದ್ರು. ಮುಳ್ಳು ನಟ್ಟು ಕಾಲಿನ ಹೆಬ್ಬೆರಳು ಕೀವು ತುಂಬಿತ್ತು. ಇವರಿಗೆ ಡಾಕ್ಟರು ತಾವಽ ಗಡಗಿ ಬಿಚ್ಚಿದ್ರು. "ನಾ ಸಾಕು ಅನ್ನೂತನಕ ದಿನಾ ಬಂದು ಸೂಜಿ ಮಾಡಿಸಿಕೊಳ್ರಿ, ನಡುವ ಬಿಡಬ್ಯಾಡ್ರಿ" ಅಂತ ಕೈ ಹಿಡಿದು ಹೇಳಿದ್ರು.

ಒಂದೆರಡು ಸೂಜಿಗೆ ಬ್ಯಾನಿ ನಿಂತಿತು. ಆಚಾರ್ರು ಕೋಟು, ಟೊಪಗಿ ಹಾಕ್ಕೊಂಡು ಬಂದ್ರು. "ಉಳಿದ ಸೂಜಿ ನನ್ನ ಹೆಸರಿಲೆ ಜಮಾ ಇಡ್ರಿ. ಮುಂದ ಅಡಚಣಿ ಬಂದಾಗ ತಗೋತೇನಿ."

"ಜಮಾ ಇಡಲಿಕ್ಕೆ ಇದೇನು ರಜಾ ಏನ್ರಿ?"

"ರಜಾನೂ ಹಿಂಗಽ ಉಳಿಸಿದಾಂವ ರೀ ನಾನು. ನೌಕರಿ ಮುಗಿಯೂತನಕ ಒಂದೂ ಕಳದಿಲ್ಲ!"

ಎಷ್ಟು ಬಡಕೊಂಡ್ರೂ ಕೇಳಲಿಲ್ಲ. ಮತ್ತ ಬರೂದ್ರಾಗ ನಂಜು ಪಾದಕ್ಕ ಏರಿತ್ತು. ಧಾರವಾಡಕ್ಕ ಕಳಿಸಿದಿವಿ. ಜೀವ ಉಳೀತು, ಹೆಬ್ಬೆರಳು ಹೋತು. ಪಾಪ, ಕೋಲು ಊರಿಕೋತ ಬಂದು ನಮ್ಮ ಕಟ್ಟಿ ಮ್ಯಾಲೆ ಕುಂತು ಅಂದ್ರು, "ಏನ್ ಮಾಡೂದು ಕಂಪೌಂಡರ್ರ, ರಜಾ ಹಂಗಽ ಉಳೀತು, ಬೆರಳಽ ರಿಟೈರ್ ಆತು."

ಭೇದ ಮಾಡದ ಆಯಿ

ದೊಡವಾಡದ ಒಂದು ದೊಡ್ಡ ಒಕ್ಕಲತನದ ಮನಿ. ಆ ಮನಿ ಆಯಿ ತನ್ನ ಸಣ್ಣ ಸೊಸಿನ್ನ ಚಕ್ಕಡಿಯೊಳಗ ಕರಕೊಂಡು ಬಂದ್ಲು. ಸೊಸಿಗೆ ಜ್ವರಾ, ಎದಿಯಾಗ ಕಫ. ಆ ವಾರ ಬಾಟಲಿ ಬಂದಿದ್ದಿಲ್ಲ. ಡಾಕ್ಟರು ಸಲ್ಫಾ ಗುಳಿಗಿ ಕೊಟ್ಟು ಕಳಿಸಿದ್ರು. ಹೊಳ್ಳಿ ಬಂದಾಗ ಸೊಸಿಗೆ ಉಸಿರು ಹಿಡಿಯಾಕ ಹತ್ತಿತ್ತು.

"ಆಯಿ, ಗುಳಿಗಿ ತಿಂದಳೇನು?"

"ತಿಂದ್ಲು ಯಪ್ಪಾ. ಎಲ್ಲಾರೂ ತಿಂದಿವಿ."

"ಎಲ್ಲಾರೂ ಅಂದ್ರ?"

"ನಮ್ಮ ಮನ್ಯಾಗ ಒಂದು ಉತ್ತತ್ತಿ ತಂದ್ರೂ ಪಾಲು ಮಾಡಿ ತಿಂತೇವಿ. ಆಕಿ ಒಬ್ಬಾಕಿಗೇ ಕೊಟ್ರ ಉಳಿದ ಸೊಸೆಂದ್ರು ಏನಂದಾರು?"

ಡಾಕ್ಟರು ತಲಿ ಮ್ಯಾಲೆ ಕೈ ಹೊತ್ತು ಕುಂತ್ರು. ಪುಣ್ಯಾಕ ಅಷ್ಟೊತ್ತಿಗೆ ಬಾಟಲಿ ಬಂದಿದ್ದವು. ಒಂದು ಸೂಜಿ ಮಾಡಿ, "ನಾಳೆ ಮತ್ತ ಕರಕೊಂಡು ಬಾ. ಇದನ್ನ ಹೆಂಗ ಪಾಲು ಮಾಡತಿ ನೋಡೂಣು" ಅಂದ್ರು.

ಮರುದಿನ ದವಾಖಾನಿ ಮುಂದ ಎರಡು ಚಕ್ಕಡಿ ಬಂದು ನಿಂತವು. ಗಂಡಸರು, ಹೆಂಗಸರು, ಹುಡುಗರು, ಮನೀ ಮಂದೆಲ್ಲಾ ಇಳಿದು ಸಾಲಾಗಿ ನಿಂತ್ರು. ಎಲ್ಲಾರಕಿಂತ ಮುಂದ ಆಯಿ, ಸೀರಿ ಸೆರಗು ಸರಿಸಿ ತೋಳು ಚಾಚಿ, "ಹಿರ್‍ಯಾಕಿ ನಾನು. ನನ್ನಿಂದಽ ಸುರು ಮಾಡ್ರಿ!"

ಡಾಕ್ಟರು ಸೊಸಿಗಷ್ಟಽ ಮಾಡಿದ್ರು. ಆಯಿ ಸಿಟ್ಟಾಗಿ ಸಾವುಕಾರ್ರ ಕಡೆ ಸೇರಿದ್ಲು. ಸೊಸಿ ಉಳದ್ಲು ಖರೆ, ಆದ್ರ ತಿಂಗಳಾನಗಟ್ಟಲೆ ಹಾಸಿಗಿ ಬಿಟ್ಟು ಏಳಲಿಲ್ಲ. ಆ ಆಯಿಗೆ ಸೊಸಿ ಮ್ಯಾಲಿನ ಪ್ರೀತಿ ಏನೂ ಕಡಿಮಿ ಇದ್ದಿಲ್ಲ. ಅದಕ್ಕಽ ನನಗ ಇನ್ನೂ ಕೆಟ್ಟ ಅನಸತದ.

ಹತ್ತಿ ಲಾರಿ

ಕಡೀಕ ಸಾವುಕಾರ್ರು ಮಂದಿ ಕಟಗೊಂಡು ಬೆಳಗಾವಿಗೆ ಹೋಗಿ ತಕರಾರು ಮಾಡಿದ್ರು: "ನಮ್ಮ ಡಾಕ್ಟರಿಗೆ ಸೂಜಿ ಮಾಡಾಕ ಬರೂದಿಲ್ಲ." ಡಾಕ್ಟರಿಗೆ ಸವದತ್ತಿ ಕಡೆ ವರ್ಗಾ ಆತು. ಹೋಗೂ ಮುಂದ ಗಡಗಿ ನನ್ನ ಕೈಯಾಗ ಕೊಟ್ಟು, "ಬಟ್ಟಿ ಒಣಗಗೊಡಬ್ಯಾಡ್ರಿ" ಅಂದ್ರು. ನನಗ ಅಳು ತಡೀಲಿಲ್ಲ.

ಹೊಸಾ ಡಾಕ್ಟರು ಭಾಳ ಮೆತ್ತನ್ನ ಮನುಷ್ಯಾ. ನೆಗಡಿಗೂ ಸೂಜಿ, ಕೆಮ್ಮಿಗೂ ಸೂಜಿ, ಸೊಂಟಾ ಹಿಡದ್ರೂ ಸೂಜಿ. ಊರ ಮಂದಿ ಅವರಿಗೆ ಹಾರಾ ಹಾಕಿದ್ರು. ಸಾವುಕಾರ್ರು ಮೂರು ನೆಗಡಿಗೆ ಮೂರು ಸಲ ಮಾಡಿಸಿಕೊಂಡ್ರು. ನೋಡೂದ್ರಾಗ ಗಡಗಿ ಖಾಲಿ. ಬಟ್ಟಿ ಮಾತ್ರ ನಾನು ಹಸೀನಽ ಇಟ್ಟಿದ್ದೆ.

ಆವಾಗಽ ಸಾವುಕಾರ್ತಿಗೆ ನ್ಯುಮೋನಿಯಾ ಆತು. ಬೆಳಗಾವಿಗೆ ಕೇಳಿದ್ರ ಅಲ್ಲೂ ಬಾಟಲಿ ಬಂದಿದ್ದಿಲ್ಲ. "ಹಳೇ ಡಾಕ್ಟರ ಕಡೆ ಇದ್ದಽ ಇರತಾವ" ಅಂದೆ ನಾನು. ಹತ್ತಿ ಲಾರಿಯೊಳಗ ಗಾದಿ ಹಾಸಿ ಆಕಿನ್ನ ಮಲಗಿಸಿ ಸವದತ್ತಿ ಕಡೆ ಹೊಂಟಿವಿ. ದಾರಿಗುಂಟ ಸಾವುಕಾರ್ರು ಹೆಂಡತಿ ಕಾಲು ಹಿಡಕೊಂಡು ಸಣ್ಣ ಹುಡುಗರಂಗ ಅತ್ರು. "ಈಕಿ ಹೋದ್ರ ನನ್ನ ಕೇಳಾವರು ಯಾರ್‍ರಿ?"

ಡಾಕ್ಟರು ಹಳೇದು ಒಂದೂ ಎತ್ತಲಿಲ್ಲ. ಒಳಗಿಂದ ಅಂಥಾದಽ ಇನ್ನೊಂದು ಗಡಗಿ ತಂದ್ರು, ಹಸಿ ಬಟ್ಟಿ ಬಿಚ್ಚಿದ್ರು. ಬಾಟಲಿ ಇದ್ದವು. ಹಗಲೂ ರಾತ್ರಿ ಬಾಜೂಕಽ ಕುಂತು ಸೂಜಿ ಮಾಡಿದ್ರು. ಜ್ವರಾ ಇಳೀತು.

"ಹೊಳ್ಳಿ ಬಂದುಬಿಡ್ರಿ, ಸಾಹೇಬ್ರ" ಅಂದೆ.

"ಹಾರಾ ಹಾಕಿಸಿಕೊಂಡ ಡಾಕ್ಟರನ್ನ ಬಿಟ್ಟು ನನ್ನ ಯಾರು ಕರೀತಾರ?" ಅಂತ ನಕ್ರು.

ಸಾವುಕಾರ್ರು ಡಾಕ್ಟರ ಕಾಲು ಮುಟ್ಟಿದ್ರು, ಕಣ್ಣು ಒರಸಿಕೊಂಡ್ರು. ಲಾರಿಯೊಳಗ ಗಾಳಿಗೆ ಕುಂತು ಅವರಿಗೆ ನೆಗಡಿ ಆಗಿತ್ತು, ಮೂಗೂ ಒರಸಿಕೊಂಡ್ರು. ಆಮ್ಯಾಲೆ ಗಡಗಿ ಕಡೆ ಒಂದು ಸಲ ನೋಡಿ, ಮೆಲ್ಲಕ ಅಂಗಿ ತೋಳು ಏರಿಸಿದ್ರು.

"ಸಾಹೇಬ್ರ, ಹೆಂಗೂ ಇಲ್ಲೀತನಕ ಬಂದೇನಿ, ನನಗೂ ಒಂದು..."

ಡಾಕ್ಟರು ಬಾಯಿ ತೆಗೆಯೂಕಿಂತ ಮೊದಲಽ, ಹಾಸಿಗಿಯಿಂದ ಸಾವುಕಾರ್ತಿ ಕಣ್ಣು ಸುದ್ದಾ ತೆರೀದಽ ಸಣ್ಣ ದನಿಲೆ ಅಂದ್ಲು:

"ಬಿಸಿನೀರ ಕುಡೀರಿ."