ನಿಂತ ಬಸ್ಸಿನ್ಯಾಗ ಹತ್ತು ನಿಮಿಷ

ಎದಿ ಧಸಕ್ ಅನ್ನೋ ಸಂಗತಿ ಮಂದಿಗಿ ವರ್ಷಕ್ಕೊಮ್ಮೆ ಆಗ್ತಾವ. ಆ ಬ್ಯಾಸಗಿಯೊಳಗ ನನಗ ವಾರಾವಾರ ಆದವು, ಅದೂ ಟೈಮ್ ಗೊತ್ತು ಮಾಡಿಕೊಂಡು.

ನಾ ಚಿಂಚೋಳಿಯೊಳಗ ಗಣಿತದ ಮಾಸ್ತರ. ಫೋನು ಬರೀ ಮಾತಾಡ್ಲಿಕ್ಕಷ್ಟೇ ಇದ್ದ ಕಾಲ ಅದು. ಒಂದು ಮದುವಿಗಿ ಹೋಗಿ ವಾಪಸ್ ಬರೋವಾಗ ಬಾಡಿಗಿ ಬಸ್ಸಿನ ಬ್ರೇಕ್ ಹತ್ತಲಿಲ್ಲ. ಇಳಿಜಾರಿನಾಗ ಓಡಿ ಓಡಿ ಜಾಲಿಕಂಟಿಯೊಳಗ ಹೊಕ್ಕು ನಿಂತಿತು. ಯಾರಿಗೂ ಏನೂ ಆಗಲಿಲ್ಲ, ನನ್ನೊಬ್ಬನ್ನ ಬಿಟ್ಟು. ಅವತ್ತಿನಿಂದ ಬಸ್ ಹತ್ತಬೇಕಂದ್ರ ಅಂಗೈ ಬೆವರತಿತ್ತು, ಉಸಿರೇ ಸಿಗ್ತಿರಲಿಲ್ಲ.

ಅಷ್ಟರಾಗ ಚಿತ್ತಾಪುರಕ್ಕ ಹೆಡ್‌ಮಾಸ್ತರ ಅಂತ ಪ್ರಮೋಷನ್ ಆರ್ಡರ್ ಬಂತು! ಹದಿನೆಂಟು ವರ್ಷ ಕಾದಿದ್ದೆ ಅದಕ್ಕ. ಶಾಲಿ ಸುರುವಾದ ವಾರದೊಳಗ ಹೋಗಿ ಹಾಜರಾಗಬೇಕು, ಇಲ್ಲಂದ್ರ ಬ್ಯಾರೆಯವರ ಪಾಲು. ಸೇಡಂನಾಗ ಬಸ್ ಬದಲಿ ಮಾಡಿ ಹೋಗೋ ಹಾದಿ. ನನಗ ಮೋಟರ್‌ಸೈಕಲ್ ಹೊಡಿಲಿಕ್ಕ ಬರಂಗಿಲ್ಲ. ಮನಿನೇ ಅಲ್ಲಿಗಿ ಸಾಗಿಸೋಣಂದ್ರ, ಸಾಗಿಸೋದಾದರೂ ಗಾಡ್ಯಾಗೇ ಅಲ್ರಿ?

ನಮ್ಮ ಶಾಲಿ ಸೈನ್ಸ್ ಟೀಚರ್ ಒಬ್ಬ ಮೇಡಂ ಬಗ್ಗೆ ಹೇಳಿದರು. ಮೇಡಂ ಡಾಕ್ಟರ್ ಅಲ್ಲ, ಗುಳಿಗಿ ಕೊಡಂಗಿಲ್ಲ. ಲೈಸೆನ್ಸ್ ಇದ್ದ ಕ್ಲಿನಿಕಲ್ ಸೋಷಿಯಲ್ ವರ್ಕರ್. ಬೆಂಗಳೂರಾಗ ಕುಂತು ಕಂಪ್ಯೂಟರಿನ್ಯಾಗ ಮಾತಾಡಿ ಮನಸ್ಸಿನ ಬ್ಯಾನಿ ಕಳೀತಾರಂತ. ನಮ್ಮೂರ ಮಗ್ಗಲದಾಗಿನ ಚಂದಾಪುರದ ನೆಟ್ ಅಂಗಡಿಯೊಳಗ ಪ್ರತಿ ಶನಿವಾರ ಮಧ್ಯಾಹ್ನ ಭೇಟಿ ಅಂತ ಗೊತ್ತಾತು.

೧. ಒಬ್ಬರೇ ಬರ್ರಿ ಅಂದಿದ್ದರು

ನಮ್ಮ ಕಡಿ ದವಾಖಾನಿಗಿ ಒಬ್ಬನೇ ಹೋದ್ರ, ‘ಪಾಪ, ಅಂವಗ ಹಿಂದಮುಂದ ಯಾರೂ ಇಲ್ಲ’ ಅಂತಾರ. ಹಿಂಗಾಗಿ ಅವ್ವ, ಹೆಂಡತಿ, ಸೋದರಮಾವ ಮೂವರೂ ಬಂದರು. ಒಂದೇ ಕುರ್ಚಿ, ಅದಕ್ಕೊಂದು ಪಡದಾ. ಮೇಡಂ ಕಂಪ್ಯೂಟರಿನ್ಯಾಗ ಕಂಡ ಕೂಡ್ಲೆ ಅವ್ವ ಕೈಮುಗಿದು, “ನಮಸ್ಕಾರ್ರಿ ಬಾಯಾರ, ಊಟ ಆತೇನ್ರಿ?” ಅಂದಳು.

ಮೇಡಂ ನಕ್ಕು, “ಆಯ್ತಮ್ಮ. ಈಗ ಸರ್ ಒಬ್ಬರ ಜೊತೆನೇ ಮಾತಾಡಬೇಕು” ಅಂದರು. ಎಲ್ಲಾರೂ ಹೊರಗ ಹೋದರು. ಹೋದರು ಅಂತ ನಾ ತಿಳಕೊಂಡೆ.

“ಸರ್, ನಿದ್ದೆ ಹೇಗೆ ಬರುತ್ತೆ?”

ನಾ ಬಾಯಿ ತೆರಿಯೋದರಾಗ ಪಡದಾ ಹಿಂದಿಂದ ಹೆಂಡತಿ, “ಗೊರಕಿ ಹೊಡೀತಾರ್ರಿ!”

ಮೇಡಂ ದಂಗಾಗಿ, “ಅಲ್ಲಿ ಯಾರಿದ್ದಾರೆ?” ಅಂತ ಕೇಳಿದರು.

“ಯಾರೂ ಇಲ್ರಿ” ಅಂತ ಪಡದಾ ಹಿಂದಿಂದಲೇ ಹೇಳಿದ ಸೋದರಮಾವ.

೨. ಮೇಡಂ ಅಲ್ಲಾಡಲಿಲ್ಲ

ಎರಡನೇ ಶನಿವಾರ ಒಬ್ಬನೇ ಹೋದೆ. ಆ ಬಸ್ಸಿನ ಕಥಿ ಎಲ್ಲಾ ಹೇಳಿದೆ, ಜಾಲಿಕಂಟಿ ಮುಳ್ಳಿನ ತನಕ. ಹೇಳಿ ಮುಗಿಸಿ ನೋಡ್ತೀನಿ, ಮೇಡಂ ಮಾತಿಲ್ಲ, ಕಥಿಯಿಲ್ಲ. ಕಣ್ಣು ಸುದ್ದಾ ಪಿಳುಕಿಸವಲ್ಲರು. ಒಂದು ನಿಮಿಷ ಆತು. ನೆಟ್ ನಿಂತದ ಅನ್ಕೊಂಡು ಅಂಗಡಿಯವನ್ನ ಕೂಗಿದೆ. ಅಂವ ಬಂದಾವನೇ ಡಬ್ಬಿಗಿ ಎರಡು ಬಾರಿಸಿದ, ತಂತಿ ಎಳದು ಬಂದ್ ಮಾಡಿದ.

ಮರುದಿನ ಅಂಗಡಿಯ ಇನ್ನೊಂದು ಕಂಪ್ಯೂಟರಿನ್ಯಾಗ ಮೇಡಂದು ಈಮೇಲ್ ನೋಡಿದೆ: “ಸರ್, ನಿಮಗೆ ಅಳು ಬರೋ ಹಾಗಿತ್ತು. ಅಳಲಿ ಅಂತ ಸುಮ್ಮನಿದ್ದೆ. ಯಾಕೆ ಎದ್ದು ಹೋದಿರಿ?”

ಸುಮ್ಮನ ಕುಂದರೋದೂ ಒಂದು ಚಿಕಿತ್ಸೆ ಅಂತ ನನಗೇನ್ ಗೊತ್ರಿ? ಅಳೋದಂತೂ ತಪ್ಪಲಿಲ್ಲ. ಆ ಕಂಪ್ಯೂಟರ್ ಮತ್ತ ಚಾಲೂ ಆಗಲಿಲ್ಲ, ಅಂಗಡಿಯವನೇ ಅತ್ತ.

೩. ಹೋಂವರ್ಕ್

ನಾ ಹುಡುಗರಿಗಿ ಕೊಡ್ತಿದ್ದೆ, ಮೇಡಂ ನನಗ ಕೊಟ್ಟರು. “ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತ ಬಸ್ಸಲ್ಲಿ ಹತ್ತು ನಿಮಿಷ ಕೂತು, ಇಳಿದು ಬನ್ನಿ. ಅಷ್ಟೇ ಸಾಕು.”

ಸೇಡಂ ಬಸ್ ಹತ್ತಿ, ಸೀಟು ಗಟ್ಟಿಯಾಗಿ ಹಿಡಕೊಂಡು, ಗಡಿಯಾರ ನೋಡಕೋತ ಕುಂತೆ. ಕಂಡಕ್ಟರ್ ಬಂದ.

“ಎಲ್ಲಿಗ್ರಿ ಮಾಸ್ತರ?”

“ಎಲ್ಲಿಗೂ ಇಲ್ರಿ. ಹತ್ತು ನಿಮಿಷ ಕುಂತು ಇಳೀತೀನಿ.”

“ಹಂಗಂತ ಯಾರು ಹೇಳ್ಯಾರ?”

“ಬೆಂಗಳೂರ ಮೇಡಂ ಹೇಳ್ಯಾರ. ವಾರಕ್ಕೊಮ್ಮೆ ಎಲ್ಲಾ ವರದಿ ಒಪ್ಪಿಸಬೇಕು.”

ಅಂವನ ಮಾರಿ ಬೆಳ್ಳಗಾತು. ಅಂಗಿ ಗುಂಡಿ ಹಾಕ್ಕೊಂಡ. ಮರುದಿನದಿಂದ ಬಸ್ಸಿನ ಕಸ ಗುಡಿಸೋದು, ಮುದುಕರಿಗಿ ಕೈಹಿಡದು ಹತ್ತಸೋದು, ಗಡಿಯಾರದ ಮುಳ್ಳಿಗಿ ಸರಿಯಾಗಿ ಸೀಟಿ ಊದೋದು! ನಾ ಏನು ಹೇಳಿದರೂ, “ತಿಳೀತ್ರಿ ಸಾಹೇಬ್ರ, ಗುಪ್ತ ಇರಲಿ” ಅಂತಿದ್ದ. ನನ್ನ ಉಸಿರಿನ ಫಜೀತಿ ನನಗ, ಅಂವನ ನೌಕರಿ ಫಜೀತಿ ಅಂವಗ. ಒಂದು ವಾರ ಆದಮ್ಯಾಲ ಮಂದಿ ನಮ್ಮ ಮನಿಗಿ ಬಂದು ಕೇಳಿದರು: “ಮಾಸ್ತರ, ನಾಳೆ ನಾವು ಕಲಬುರಗಿ ಬಸ್ಸಿಗಿ ಹೋಗೋರಿದ್ದೀವಿ, ಅದರಾಗೂ ಜರಾ ಬಂದು ಕುಂದ್ರಿ.”

೪. ಅವ್ವ ಜೋಡಿಗಿ ಬಂದಳು

ಹಾಜರಾಗಲಿಕ್ಕ ಅವತ್ತೇ ಕಡೀ ದಿನ. ಕುಂದರೋದು ರೂಢಿಯಾಗಿತ್ತು ಖರೇ, ಆದ್ರ ಇಂಜಿನ್ ಚಾಲೂ ಆದ ಕೂಡ್ಲೆ ಹಾರಿ ಇಳೀತಿದ್ದೆ. ‘ಪ್ರಮೋಷನ್ ಒಲ್ಲೆ’ ಅಂತ ಅರ್ಜಿ ಬರದು, ಆರ್ಡರಿನ ಜೋಡಿ ಚೀಲದಾಗ ಇಟ್ಟಿದ್ದೆ. ಅಂಚೆಗಿ ಹಾಕೋಕಿಂತ ಮುಂಚೆ ಕಡೀ ಸಲ ಕುಂತು ನೋಡೋಣ ಅಂತ ಮುಂಜಾನೆ ಹೊಂಟೆ.

“ನೀ ಅಂಜತಿ, ನಾ ಮಗ್ಗಲದಾಗ ಕುಂದರ್ತೀನಿ” ಅಂತ ಅವ್ವನೂ ಬಂದಳು. ಕಿಡಕಿ ಕಡಿ ಕುಂತು, ವಾಡಿ ಊರಿನ ಒಬ್ಬ ಹೆಣ್ಮಗಳ ಜೋಡಿ ಮಾತಿಗಿ ಹತ್ತಿದಳು. ಹತ್ತು ನಿಮಿಷ ಆತು. “ನಡಿಯವ್ವ” ಅಂತ ನಾ ಇಳದು, ನಳದಾಗ ಮಾರಿ ತೊಳಕೊಂಡು ತಿರುಗಿ ನೋಡ್ತೀನಿ, ಬಸ್ಸಿಲ್ಲ. ಅವ್ವನೂ ಇಲ್ಲ! ಗಡಿಯಾರದ ಮುಳ್ಳಿಗಿ ಸರಿಯಾಗಿ ಬಿಟ್ಟಿದ್ದ ಪುಣ್ಯಾತ್ಮ.

ಅವ್ವಗ ಸಕ್ಕರಿ ಬ್ಯಾನಿ, ಮುಂಜಾನಿಂದ ಏನೂ ತಿಂದಿಲ್ಲ, ಕೈಯಾಗ ಬಿಡಿಗಾಸಿಲ್ಲ. ಇನ್ನೊಂದು ಬಸ್ ಸೇಡಂಗೇ ಹೊಂಟಿತ್ತು. ಹಾರಿ ಹತ್ತಿದೆ. ಡ್ರೈವರನ ಹಿಂದ ನಿಂತು, “ಜಲ್ದಿ ಹೊಡಿಯೋ ಮಾರಾಯ!” ಅಂತ ಹಾದಿ ತುಂಬ ಒದರಿದೆ. “ನೀವ್ ಮೊದಲ ಕುಂದ್ರಿ!” ಅಂತ ಅಂವ ಬೈದ.

ಸೇಡಂ ಬಸ್‌ಸ್ಟ್ಯಾಂಡಿನ್ಯಾಗ ಅವ್ವ ಆರಾಮಾಗಿ ಕುಂತು ಚುರುಮುರಿ ಸುಸಲಾ ತಿನ್ನಲಿಕತ್ತಿದ್ದಳು. ಕಂಡಕ್ಟರ್ ನೀರಿನ ಗ್ಲಾಸು ಹಿಡಕೊಂಡು ನಿಂತಿದ್ದ. ನನಗ ಅಳುವೇ ಬಂತು.

“ಹ್ಯಾಂಗ ಬಂದಿಯೋ?” ಅಂದಳು ಅವ್ವ.

“ಬಸ್ಸಿಗಿ. ಮತ್ತ್ಯಾವುದಕ್ಕ ಬರಲಿ?”

ಅವ್ವ ಒಂದು ಗಳಿಗಿ ನನ್ನ ಮಾರಿ ನೋಡಿದಳು. ಸುಸಲಾದ ಪೊಟ್ಟಣ ಅಲ್ಲೇ ಬಿಟ್ಟು, ನನ್ನ ಕೈ ಹಿಡದು ದರದರ ಎಳಕೊಂಡು ಹೋಗಿ ಚಿತ್ತಾಪುರದ ಬಸ್ ಹತ್ತಿಸಿದಳು. ಶಹಾಬಾದದ ಬೀಗರು ನಮಗ ಹ್ಯಾಂಗ ಅವಮಾನ ಮಾಡಿದ್ರು ಅಂತ ಇಪ್ಪತ್ತು ವರ್ಷದ ಹಿಂದಿನ ಜಗಳ ತೆಗದಳು. “ತಪ್ಪು ನಿಂದೇ” ಅಂದಳು. ಅಲ್ಲ ಅಂತ ನಾ ಚಿತ್ತಾಪುರದ ತನಕ ವಾದ ಮಾಡಿದೆ.

ಶಾಲಿಯೊಳಗ ಆರ್ಡರ್ ತೋರಿಸಿ, ಹಾಜರಿ ಪುಸ್ತಕದಾಗ ಸಹಿ ಮಾಡಿ, ಪೆನ್ ಕೆಳಗಿಟ್ಟೆ. ಆಗ ತಲಿಗಿ ಹೊಳೀತು, ಎರಡು ಬಸ್ ಹತ್ತಿ ಬಂದೀನಿ! ಟೇಬಲ್ ಗಟ್ಟಿಯಾಗಿ ಹಿಡಕೊಂಡೆ.

“ಅವ್ವಾ, ನನಗ ಬಸ್ಸಿನ ಅಂಜಿಕಿ ಅದವ್ವ!” ಅಂದೆ.

ಅವ್ವ ಸೆರಗಿನಿಂದ ಮಾರಿ ಒರಸಿಕೊಂಡು, ಹೆಡ್‌ಮಾಸ್ತರನ ಕುರ್ಚಿ ನನ್ನ ಕಡಿ ಎಳದಳು.

“ಕುಂದರು. ಸಹಿ ಆಗ್ಯದ. ಈಗ ಬೇಕಾದಷ್ಟು ಅಂಜು.”