ಇಬ್ಬರ ಟಿಕೆಟ್ಟಿನಲ್ಲಿ ನಾನೊಬ್ಬ

"ಟಿಕೆಟ್ ಕ್ಯಾನ್ಸಲ್ ಮಾಡಿಸಬ್ಯಾಡ್ರಿ. ನೀವರ ಹೋಗಿ ಬರ್ರಿ."

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಆಡಿದ ಕೊನೇ ಮಾತು. ಪುಕೆಕೊಹೆ ಊರಿನ ಹೊಲಗಳಲ್ಲಿ ಇಬ್ಬರೂ ಉಳ್ಳಾಗಡ್ಡಿ ಆರಿಸಿ ಚೀಲ ತುಂಬಿದವರು. ರಾರೋಟೊಂಗಾ ದ್ವೀಪ ನೋಡುವುದು ಅವಳ ಆಸೆ. ಹೋದೆ. ಹೋದಲ್ಲೆಲ್ಲ ಮೈ ಉರಿಯುವಂಥದ್ದೇ ಆಯಿತು. ಅವಳು ಸತ್ತಳು ಅನ್ನುವುದೊಂದು ಯಾರಿಗೂ ಹೇಳಲಾಗಲಿಲ್ಲ. ಬಾಯಿಗೇ ಬರುತ್ತಿರಲಿಲ್ಲ.

೧. ಹಾರ

ವಿಮಾನ ಇಳಿದ ಕೂಡಲೇ ಒಬ್ಬ ಹುಡುಗಿ ಕೊರಳಿಗೆ ಹೂವಿನ ಹಾರ ಹಾಕಿದಳು. ನಮ್ಮ ಕಡೆ ಹಾರ ಹಾಕುವುದು ಮದುಮಗನಿಗೆ, ಮಂತ್ರಿಗೆ, ಹೆಣಕ್ಕೆ. ನಾನು ಮೂರೂ ಅಲ್ಲ.

"ಮೇಡಂ ಎಲ್ಲಿ?" ಇನ್ನೊಂದು ಹಾರ ಹಿಡಿದು ಕೇಳಿದಳು.

"ಹಿಂದ ಬರ್ತಾಳ" ಅಂದೆ.

ಪಾಪ, ಕಾದಳು. ವಿಮಾನ ಖಾಲಿ ಆಯಿತು. ಕೊನೆಗೆ ಪೈಲಟ್ ಇಳಿದ. ಹಾರ ಅವನಿಗೆ ಬಿತ್ತು.

೨. ಹಾಸಿಗೆ

ಹೋಟೆಲಿನಲ್ಲಿ ಹಾಸಿಗೆ ತುಂಬ ಹೂ. ಪ್ರಸ್ತದ ಕೋಣೆ ಹಾಗೆ. ಈ ವಯಸ್ಸಿಗೆ ಏನಿದು ಅಸಹ್ಯ! ಮ್ಯಾನೇಜರನ್ನು ಕರೆದೆ.

"ತೆಗೀರಿ ಇದನ್ನ. ನಾ ಮಲಗಬೇಕು."

"ಮೇಡಂ ನೋಡೋದು ಬೇಡವಾ?"

"ಆಕಿಗೆ ತಡ ಆಗ್ತದ."

"ಜಗಳವಾ?" ಅಂತ ಕಣ್ಣು ಹೊಡೆದ.

ಸಂಜೆ ಇನ್ನೊಂದು ಬುಟ್ಟಿ ಹೂ ಕಳಿಸಿದ. ಕಾಲಿಗೆ ಬಿದ್ದು ರಾಜಿ ಮಾಡಿಕೊಳ್ಳಬೇಕಂತೆ.

೩. ಬಸ್ಸು

ಅಲ್ಲಿ ಒಂದು ಬಸ್ಸು ದ್ವೀಪವನ್ನು ಬಲಕ್ಕೆ ಸುತ್ತುತ್ತದೆ, ಇನ್ನೊಂದು ಎಡಕ್ಕೆ. ಹೋಟೆಲಿಗೆ ವಾಪಸ್ ಹೋಗಲು ನಾನು ಹತ್ತಿದ್ದು ಉಲ್ಟಾ. ಕೂಗಾಡಿದೆ.

ಡ್ರೈವರ್ ತಿರುಗಿಯೂ ನೋಡಲಿಲ್ಲ. "ಕೂತ್ಕೊ ಅಂಕಲ್. ಸಮುದ್ರದೊಳಗೆ ರಸ್ತೆ ಇಲ್ಲ. ನಿನ್ನ ಹೋಟೆಲು ಬಂದೇ ಬರುತ್ತೆ."

ಇವನ ಉಪದೇಶ ಯಾರಿಗೆ ಬೇಕು? ಇಳಿದುಬಿಟ್ಟೆ. ಹೋಟೆಲು ಆ ಬಸ್ಸಿಗೆ ಬಂತು. ನನಗೆ ಬರಲಿಲ್ಲ.

೪. ಕಟ್ಟೆ

ಬಿಸಿಲಲ್ಲಿ ನಡೆದೂ ನಡೆದೂ ಸಾಕಾಯಿತು. ಒಂದು ಮನೆ ಮುಂದೆ ಟೈಲ್ಸ್ ಹಾಕಿದ ಕಟ್ಟೆ, ಮೇಲೆ ತಗಡಿನ ನೆರಳು. ಕೂತೆ. ಒಳಗಿಂದ ಒಬ್ಬ ಅಜ್ಜಿ ಬಂದಳು.

"ತಂಪಾಗಿದೆಯಾ?"

"ಭಾಳ ಛಲೋ ಅದ."

"ನನ್ನ ಗಂಡನ ಹೊಟ್ಟೆ ಮೇಲೆ ಕೂತಿದ್ದೀಯ."

ಜಿಗಿದು ನಿಂತೆ. "ಮನಿ ಮುಂದ ಯಾರರ ಗೋರಿ ಕಟ್ತಾರೇನು?"

"ಇಲ್ಲಿ ಎಲ್ಲರೂ ಕಟ್ತಾರೆ. ಹೋದವರನ್ನ ದೂರ ಇಟ್ಟರೆ ಮಾತಾಡಿಸೋದು ಯಾರು? ನೀನೊಬ್ಬನೇ ಬಂದೆಯಾ, ನಿನ್ನ ಹೆಂಡತಿ ಎಲ್ಲಿ?"

"ಸತ್ತಾಳ!" ಅಂತ ಚೀರಿದೆ. "ಪುಕೆಕೊಹೆ ಮಣ್ಣಾಗ ಅದಾಳ!"

ಬಂತಲ್ಲ ಮಾತು. ಬಂದದ್ದು ಗೊತ್ತಿಲ್ಲದ ಒಬ್ಬಳ ಮೇಲೆ ರೇಗುವಾಗ.

ಅಜ್ಜಿ ಕಟ್ಟೆ ಮೇಲೆ ಕೂತು ಪಕ್ಕಕ್ಕೆ ಸರಿದಳು. "ಹಾಗಾದ್ರೆ ಬಾ, ಕೂತ್ಕೊ. ಕಾಲಿನ ಕಡೆ ಕೂತ್ಕೊ. ಹೊಟ್ಟೆ ಬೇಡ, ಈಗಷ್ಟೇ ಅವನ ಊಟ ಆಯ್ತು."

ಮರುದಿನ ಬೆಳಿಗ್ಗೆ ಹೋಗಿ, ಅಜ್ಜಿಯ ಕಸಬರಿಗೆ ಇಸಿದುಕೊಂಡು, ಅಜ್ಜನ ಮೈಮೇಲೆ ಬಿದ್ದ ಎಲೆ ಗುಡಿಸಿದೆ.